ತಮ್ಮನಿಗೆ ಬೈಕ್ ಕೊಡಿಸುವ ಮುನ್ನ

ನಮ್ಮಲ್ಲಿ ಹೆಚ್ಚಿನವರ ಬೈಕು ಊರಿನಲ್ಲಿದೆ, ನಾವು ಇಲ್ಲಿದ್ದೇವೆ. ಮನೆಯ ಪಕ್ಕದ ಶೆಡ್ಡಿನಲ್ಲಿ, ತೆಂಗಿನಕಾಯಿ ರಾಶಿಯ ಬದಿಯಲ್ಲಿ, ಹಳೆಯ ಟಾರ್ಪಾಲು ಹೊದ್ದು ಅದು ನಿಂತಿರುತ್ತದೆ. ಮೇಲೆ ಕೋಳಿ ಕೂರುತ್ತದೆ. ಶುಕ್ರವಾರ ವಿಡಿಯೋ ಕಾಲ್ ಮಾಡಿದಾಗ ಅಮ್ಮನ ಆರೋಗ್ಯ, ಮಗುವಿನ ಶಾಲೆ, ಮಳೆ, ಎಲ್ಲ ಕೇಳಿ ಮುಗಿದ ಮೇಲೆ ಕೊನೆಗೆ ಸಣ್ಣ ದನಿಯಲ್ಲಿ, "ಬೈಕ್ ಸ್ಟಾರ್ಟ್ ಮಾಡ್ತಾ ಇದ್ದೀರಾ?" ಎಂದು ಕೇಳುತ್ತೇವೆ. "ಮಾಡ್ತೇವೆ, ಮಾಡ್ತೇವೆ" ಎಂಬ ಉತ್ತರದಲ್ಲಿ ಎಷ್ಟು ನಿಜ ಇದೆ ಎಂದು ರಜೆಯ ಮೊದಲ ದಿನ ಕಿಕ್ ಹೊಡೆದಾಗ ಗೊತ್ತಾಗುತ್ತದೆ.

ಕತಾರಿನಲ್ಲಿ ಬೈಕಿನ ಮಾತು ತೆಗೆದರೆ ಜನರಿಗೆ ನೆನಪಾಗುವುದು ಎರಡು ಚಿತ್ರ. ಒಂದು, ಲುಸೈಲ್ ಸರ್ಕ್ಯೂಟ್. 2004ರಿಂದ ಇಲ್ಲಿ ಮೋಟೋಜಿಪಿ ನಡೆಯುತ್ತಿದೆ. 2008ರಲ್ಲಿ ಆ ಪಂದ್ಯಾವಳಿಯ ಇತಿಹಾಸದಲ್ಲೇ ಮೊದಲ ರಾತ್ರಿ ರೇಸ್ ನಡೆದದ್ದು ಇಲ್ಲಿಯೇ. 5.38 ಕಿಲೋಮೀಟರಿನ ಸುತ್ತು, ಹದಿನಾರು ತಿರುವು, ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿ. ಮರುಭೂಮಿಯ ಮರಳು ಟ್ರ್ಯಾಕಿಗೆ ಬರಬಾರದೆಂದು ಸುತ್ತ ಕೃತಕ ಹುಲ್ಲು ಹಾಸಿದ್ದಾರೆ. ಮಳೆಯೇ ಇಲ್ಲದ ದೇಶದಲ್ಲಿ 2009ರ ರೇಸ್ ಮಳೆ ಬಂದು ಸೋಮವಾರಕ್ಕೆ ಹೋಯಿತು ಎಂಬುದು ನಾವು ಊರಿನವರಿಗೆ ಹೇಳಿ ನಗಿಸುವ ಕತೆ.

ಎರಡನೆಯದು, ಬಣ್ಣದ ಅಂಗಿ ತೊಟ್ಟು ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಿರಿಯಾನಿ, ಔಷಧಿ, ಕಿರಾಣಿ ತರುವ ಹುಡುಗರು. ಅವರ ಕೈಯಲ್ಲಿರುವುದು ಬಹುಪಾಲು ನಮ್ಮ ಊರಿನ ರಸ್ತೆಯಲ್ಲಿ ಓಡುವಂಥದೇ 125, 150 ಸಿಸಿ ಬೈಕುಗಳು. ದಿನಕ್ಕೆ ನೂರು ಕಿಲೋಮೀಟರು ದಾಟುವುದು ಅವರಿಗೆ ದೊಡ್ಡ ಮಾತಲ್ಲ. ಎಂಜಿನ್ ಆಯಿಲ್ ಬದಲಿಸಬೇಕಾದ ಮೂರು ಸಾವಿರ ಕಿಲೋಮೀಟರು ಊರಿನಲ್ಲಿ ಆರು ತಿಂಗಳಿಗೆ ಬಂದರೆ ಇವರಿಗೆ ತಿಂಗಳು ಮುಗಿಯುವಷ್ಟರಲ್ಲಿ ಎದುರಿಗೆ ನಿಂತಿರುತ್ತದೆ.

ಬೈಕ್ ಪ್ರಿಯರು ಎಂದರೆ ಯಾರು ಎಂಬ ಪ್ರಶ್ನೆಗೆ ನಮ್ಮ ಸಂಘದ ಕೂಟಗಳಲ್ಲಿ ಸಿಗುವ ಉತ್ತರ ಮೊದಲ ಚಿತ್ರಕ್ಕೆ ಅಂಟಿಕೊಂಡಿದೆ. ದೊಡ್ಡ ಸಿಸಿ, ಚರ್ಮದ ಜಾಕೆಟ್, ಚಳಿಗಾಲದ ಶುಕ್ರವಾರ ಬೆಳಿಗ್ಗೆ ದುಖಾನ್ ರಸ್ತೆಯಲ್ಲಿ ಸಾಲಾಗಿ ಹೋಗಿ ಕರಕ್ ಚಾಯ್ ಕುಡಿದು ಬರುವುದು. ಅದೂ ಚೆಂದವೇ, ಅದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ ಎಂದೇ ಇಟ್ಟುಕೊಳ್ಳಿ.) ಆದರೆ ಬೈಕಿನ ಸದ್ದು ಕೇಳಿಯೇ ಚೈನ್ ಸಡಿಲವಾಗಿದೆ ಎಂದು ಹೇಳಬಲ್ಲವನನ್ನು, ಟಯರಿನ ಮೇಲೆ ಬೆರಳಾಡಿಸಿ ಇನ್ನೆಷ್ಟು ದಿನ ಬರುತ್ತದೆಂದು ಅಂದಾಜು ಮಾಡುವವನನ್ನು, ಬೈಕನ್ನು ಬಲ್ಲವನು ಎಂದು ಕರೆಯದೆ ಬೇರೆ ಯಾರನ್ನು ಕರೆಯಬೇಕು? ಅಂಥವರು ನಮ್ಮ ನಡುವೆ ಇದ್ದಾರೆ. ಕನ್ನಡ ರಾಜ್ಯೋತ್ಸವದ ದಿನವೂ ಅವರಿಗೆ ಡ್ಯೂಟಿ ಇರುತ್ತದೆ, ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈ ದೇಶದಲ್ಲಿ ಬೈಕ್ ಓಡಿಸುವುದು ಊರಿನ ಹಾಗಲ್ಲ. ಊರಿನ ಲೈಸೆನ್ಸ್ ಇದ್ದರೆ ಸಾಲದು, ಇಲ್ಲಿನ ಬೈಕ್ ಲೈಸೆನ್ಸನ್ನು ಬೇರೆಯಾಗಿ ಪಡೆಯಬೇಕು. ರಸ್ತೆಯ ಬಲಬದಿಯಲ್ಲಿ ಹೋಗಬೇಕು. ರೌಂಡ್ ಅಬೌಟಿನಲ್ಲಿ ಎಡದಿಂದ ಬರುವವನಿಗೆ ದಾರಿ ಬಿಡಬೇಕು. ಹದಿನೈದು ವರ್ಷ ಎಡಕ್ಕೆ ಓಡಿಸಿದ ಕೈಗೆ ಅದು ಮೊದಲ ತಿಂಗಳು ಉಲ್ಟಾ ಬರೆದ ಹಾಗೆ. 2024ರ ಜನವರಿಯಿಂದ ಡೆಲಿವರಿ ಬೈಕುಗಳು ಬಲಗಡೆಯ ಲೇನಿನಲ್ಲೇ ಹೋಗಬೇಕೆಂದು ನಿಯಮವಾಗಿದೆ. ವೇಗದ ಕಾರುಗಳ ನಡುವೆ ನುಸುಳುವುದು ತಪ್ಪಿತು, ಒಳ್ಳೆಯದೇ. ಆದರೆ ರಸ್ತೆಯಿಂದ ಹೊರಗೆ ಇಳಿಯುವ ಪ್ರತಿಯೊಂದು ಕಾರೂ ಬಲ ಲೇನನ್ನೇ ಅಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಆದ್ದರಿಂದ ಕಾರು ಓಡಿಸುವ ನಮ್ಮವರಿಗೆ ಒಂದು ಮಾತು: ಎಕ್ಸಿಟ್ ಹತ್ತಿರ ಬಂದಾಗ ಬಲಗಡೆಯ ಕನ್ನಡಿಯನ್ನು ಇನ್ನೊಂದು ಸಲ ನೋಡಿ. ಅಲ್ಲಿ ಬರುತ್ತಿರುವವನು ಕುಂದಾಪುರದವನೂ ಇರಬಹುದು, ಕಲಬುರಗಿಯವನೂ ಇರಬಹುದು.

ಬಿಸಿಲಿನ ಲೆಕ್ಕವೂ ಬೇರೆ. ಊರಿನಲ್ಲಿ ಬೈಕ್ ಓಡಿಸಿದರೆ ಗಾಳಿ ತಣ್ಣಗೆ ಬಡಿಯುತ್ತದೆ. ಇಲ್ಲಿ ಜುಲೈಯಲ್ಲಿ ಗಾಳಿಯೇ 45 ಡಿಗ್ರಿ ಇದ್ದಾಗ ನಮ್ಮ ಚರ್ಮ ಅದಕ್ಕಿಂತ ತಂಪಾಗಿರುತ್ತದೆ. ಹಾಗಾಗಿ ವೇಗ ಹೆಚ್ಚಿದಷ್ಟೂ ಗಾಳಿ ಮೈಯನ್ನು ಕಾಯಿಸುತ್ತದೆ, ಹೇರ್ ಡ್ರೈಯರ್ ಮುಖಕ್ಕೆ ಹಿಡಿದ ಹಾಗೆ. ತಂಪು ಕೊಡುವುದು ಬೆವರು ಆರುವುದೊಂದೇ. ಆಗಸ್ಟ್ ಕೊನೆಯಲ್ಲಿ ಸಮುದ್ರದ ತೇವ ತುಂಬಿದಾಗ ಅದೂ ಆರುವುದಿಲ್ಲ. ಅದಕ್ಕೇ ಬಲ್ಲ ಸವಾರರು ಇಲ್ಲಿ ಬಿಸಿಲು ಹೆಚ್ಚಾದಷ್ಟು ಮೈ ಮುಚ್ಚಿಕೊಳ್ಳುತ್ತಾರೆ, ಒಳಗಿನ ಬನಿಯನ್ ಒದ್ದೆ ಮಾಡಿ ಮೇಲೆ ಪೂರ್ತಿ ತೋಳಿನ ಅಂಗಿ ಹಾಕುತ್ತಾರೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸ ನಿಲ್ಲಿಸಬೇಕೆಂಬ 2021ರ ಕಾರ್ಮಿಕ ಸಚಿವಾಲಯದ ನಿಯಮ ನಮಗೆಲ್ಲ ಗೊತ್ತಿದೆ. ಆ ಹೊತ್ತಿನಲ್ಲಿ ಊಟ ತರಿಸುವಾಗ, ಬೈಕಿನವನೇ ಬೇಗ ತರಲಿ ಎಂದು ಹಟ ಹಿಡಿಯದಿದ್ದರೆ ಸಾಕು.

ಯಂತ್ರದ ಕಡೆ ನೋಡಿದರೆ, ಇಲ್ಲಿನ ಶತ್ರು ಮರಳು. ಸಣ್ಣ ಹಿಟ್ಟಿನಂಥ ಧೂಳು ಏರ್ ಫಿಲ್ಟರಿನಲ್ಲಿ ಕೂತರೆ ಎಂಜಿನ್ ಉಸಿರು ಕಟ್ಟಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಲೀಟರಿಗೆ ಎರಡು ರಿಯಾಲಿನ ಆಸುಪಾಸು ಇರುವ ದೇಶದಲ್ಲಿ ಅದು ಜೇಬಿಗೆ ತಿಳಿಯುವುದಿಲ್ಲ, ಪಿಸ್ಟನ್ನಿಗೆ ತಿಳಿಯುತ್ತದೆ. ಚೈನಿಗೆ ಊರಿನ ಹಾಗೆ ಹಳೆಯ ಎಂಜಿನ್ ಆಯಿಲ್ ಸುರಿದರೆ ಮರಳು ಅದಕ್ಕೆ ಅಂಟಿ ಅರದ ಕೆಲಸ ಮಾಡುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಮೀನಿನ ಗಾಳದ ಹಾಗೆ ಬಾಗುತ್ತದೆ. ಮೇಣದಂಥ ಲ್ಯೂಬ್ ತೆಳ್ಳಗೆ ಹಚ್ಚಿ, ಹೆಚ್ಚಿದ್ದನ್ನು ಬಟ್ಟೆಯಲ್ಲಿ ಒರೆಸಬೇಕು. ಟಯರಿನದು ಇನ್ನೂ ವಿಚಿತ್ರ. ಇಡೀ ಕತಾರಿನಲ್ಲಿ ಅತಿ ಎತ್ತರದ ಜಾಗ 103 ಮೀಟರ್. ಆಗುಂಬೆ 600 ಮೀಟರಿಗೂ ಮೇಲೆ. ಘಾಟಿಯೂ ಇಲ್ಲ, ತಿರುವೂ ಇಲ್ಲ. ಗೆರೆ ಎಳೆದ ಹಾಗಿರುವ ರಸ್ತೆಯಲ್ಲಿ ಬೈಕು ವಾಲುವುದೇ ಕಡಿಮೆ, ಹಾಗಾಗಿ ಟಯರು ನಡುವೆ ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಬದಿಯಲ್ಲಿ ಹೊಸತರಂತೆ ಕಾಣುತ್ತದೆ. ಆ ಟಯರು ರೌಂಡ್ ಅಬೌಟಿನಲ್ಲಿ ವಾಲುವಾಗ ಅಂಚು ಹತ್ತಿದ ಹಾಗೆ ತಟ್ಟನೆ ಜಾರಿದಂತಾಗುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಈ ಬಿಸಿಲಿನಲ್ಲಿ ರಬ್ಬರು ಓಡದೆಯೂ ಮುದಿಯಾಗುತ್ತದೆ, ಆದ್ದರಿಂದ ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವಾಗ ಮೀಟರಿಗಿಂತ ಮೊದಲು ಈ ನಾಲ್ಕು ಅಂಕಿ ನೋಡಬೇಕು. ಇದನ್ನೆಲ್ಲ ನಾವು ಕಲಿತದ್ದು ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿ, ಡೆಲಿವರಿ ಹುಡುಗರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು.

ಬೈಕನ್ನು ಹೀಗೆ ಕೈಯಿಂದ ಬಲ್ಲ ಪರಂಪರೆ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ನಮ್ಮ ಅಪ್ಪಂದಿರ ಕಾಲದವರು ಮರೆತಿಲ್ಲ. ಫಾರೂಕ್ ಇರಾನಿಯವರು ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1960ರ ದಶಕದ ಆರಂಭದಲ್ಲಿ ಅಲ್ಲಿ ಬೈಕ್ ತಯಾರಿಕೆ ಶುರು ಮಾಡಿದರು. ಮುಂದೆ ಅದೇ ಯೆಜ್ದಿ ಆಯಿತು, ರೋಡ್‌ಕಿಂಗ್ ಬಂತು. ಕಿಕ್ ಹೊಡೆಯುವ ಲಿವರನ್ನೇ ತಿರುಗಿಸಿದರೆ ಗೇರ್ ಲಿವರ್ ಆಗುತ್ತಿತ್ತು. ಎರಡು ಸೈಲೆನ್ಸರು, ಟೂ ಸ್ಟ್ರೋಕಿನ ನೀಲಿ ಹೊಗೆ, ಪೆಟ್ರೋಲ್ ಬಂಕಿನಲ್ಲಿ ಅಳತೆ ಮಾಡಿ ಬೆರೆಸಿಕೊಳ್ಳುವ ಎಣ್ಣೆ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ, ಹೆಚ್ಚಾದರೆ ಪ್ಲಗ್ಗಿನಲ್ಲಿ ಕರಿ ಕಟ್ಟುತ್ತದೆ. ಹಾಗಾಗಿ ಯೆಜ್ದಿ ಇಟ್ಟುಕೊಂಡವನು ಬೇಕೋ ಬೇಡವೋ ಅರ್ಧ ಮೆಕ್ಯಾನಿಕ್ ಆಗಲೇಬೇಕಿತ್ತು. ಸೀಟಿನ ಕೆಳಗೆ ಒಂದು ಪ್ಲಗ್ ಸ್ಪ್ಯಾನರು, ಒಂದು ತುಂಡು ಉಪ್ಪುಕಾಗದ ಇಲ್ಲದೆ ಮನೆ ಬಿಡುತ್ತಿರಲಿಲ್ಲ.

1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಸುಮಾರು ಮೂರು ದಶಕ ಕಳೆದರೂ ಆ ಗಾಡಿಗಳು ಮೈಸೂರು, ಬೆಂಗಳೂರಿನ ರಸ್ತೆಯಲ್ಲಿ ಓಡುತ್ತಿವೆ, ಜುಲೈಯ ಎರಡನೇ ಭಾನುವಾರ ಜಾವಾ ಯೆಜ್ದಿ ದಿನವೆಂದು ಸೇರುತ್ತವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೆಸರು ಹೊಸ ಬೈಕುಗಳ ಮೇಲೆ ಮರಳಿ ಬಂತು, ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯವು ಇನ್ನೂ ಓಡುತ್ತಿರುವುದಕ್ಕೆ ಕಂಪನಿಯ ಸರ್ವಿಸ್ ಸೆಂಟರ್ ಕಾರಣವಲ್ಲ, ಏಕೆಂದರೆ ಅದು ಇಲ್ಲವೇ ಇಲ್ಲ. ಮಾಲೀಕರ ಕೈ ಮತ್ತು ಕೆಲವು ಹಿರಿಯ ಮೆಕ್ಯಾನಿಕ್‌ಗಳ ಕಿವಿ ಅವನ್ನು ಓಡಿಸುತ್ತಿದೆ.

ಈಗ ನಾವು ಹೇಳಬೇಕೆಂದಿರುವ ಮಾತಿಗೆ ಬರುತ್ತೇವೆ. ಸ್ವಲ್ಪ ಕಹಿ ಇದೆ.

ಗಲ್ಫಿಗೆ ಬಂದವನು ಮೊದಲ ಎರಡು ವರ್ಷದಲ್ಲಿ ಮನೆಗೆ ಕಳಿಸುವ ದೊಡ್ಡ ವಸ್ತುಗಳಲ್ಲಿ ಬೈಕ್ ಒಂದು. ಸಾಲ ತೀರಿದ ಮೇಲೆ, ಅಕ್ಕನ ಮದುವೆಗೆ ಮುಂಚೆ, ತಮ್ಮನಿಗೆ ಬೈಕು. ತಮ್ಮ ಪಿಯುಸಿ ಮುಗಿಸಿದ್ದಾನೆ, ಕಾಲೇಜು ದೂರ, ಬಸ್ಸು ಇಲ್ಲ, ಎಲ್ಲ ನಿಜ. "ಅಣ್ಣ, 200 ಸಿಸಿದೇ ಬೇಕು" ಎಂದು ಅವನು ಕೇಳುತ್ತಾನೆ. ದೂರದಲ್ಲಿದ್ದೇವೆ, ಅವನ ಹುಟ್ಟುಹಬ್ಬಕ್ಕಿಲ್ಲ, ಅವನ ಜಗಳಕ್ಕಿಲ್ಲ, ಜ್ವರಕ್ಕಿಲ್ಲ. ಅದನ್ನೆಲ್ಲ ಒಂದೇ ಸಲ ತುಂಬಿಕೊಡುವ ಹಾಗೆ ಶೋರೂಮಿಗೆ ದುಡ್ಡು ಹೋಗುತ್ತದೆ. ಹಾರ ಹಾಕಿದ ಬೈಕಿನ ಪಕ್ಕ ತಮ್ಮ, ಅಪ್ಪ, ಅಮ್ಮ ನಿಂತ ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ. ಆ ಫೋಟೋದಲ್ಲಿ ನಿಂಬೆಹಣ್ಣು ಇರುತ್ತದೆ, ಕುಂಕುಮ ಇರುತ್ತದೆ. ಹೆಲ್ಮೆಟ್ ಇರುವುದಿಲ್ಲ. ಇದ್ದರೂ ಶೋರೂಮಿನವರು ಬಿಟ್ಟಿ ಕೊಟ್ಟದ್ದು, ಪ್ಲಾಸ್ಟಿಕ್ ಕವರು ಕೂಡ ತೆಗೆಯದೆ ಕನ್ನಡಿಗೆ ನೇತು ಹಾಕಿರುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 44.5 ಶೇಕಡ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಈ ಕೊನೆಯ ಅಂಕಿಯನ್ನು ಇನ್ನೊಂದು ಸಲ ಓದಿ. ನಮ್ಮ ಯಾವ ತಾಲ್ಲೂಕು ಕೇಂದ್ರವಾದರೂ ಒಂದು ವರ್ಷದಲ್ಲಿ ಖಾಲಿಯಾದ ಹಾಗೆ. ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ರ ಜನವರಿಗೇ ಜಾರಿಯಾಯಿತು. ಆದರೂ ಊರಿನಲ್ಲಿ ಪೊಲೀಸ್ ಚೌಕಿ ಕಂಡಾಗ ಮಾತ್ರ ತಲೆಗೇರುವ ಅರ್ಧ ಹೆಲ್ಮೆಟ್ಟನ್ನೇ ನಾವು ಈಗಲೂ ನೋಡುತ್ತಿದ್ದೇವೆ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ 2021ರ ಜೂನ್‌ನಿಂದ ಅಪರಾಧ. ಅಂಥದ್ದು ರಸ್ತೆ ಬದಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಇನ್ನೂ ಸಿಗುತ್ತಿದೆ.

ರಜೆಗೆ ಹೋಗುವಾಗ ನಮ್ಮ ಪೆಟ್ಟಿಗೆಯಲ್ಲಿ ಆಕ್ಸ್ ಆಯಿಲ್, ಟ್ಯಾಂಗ್, ನಿಡೋ, ಖರ್ಜೂರ, ಸೆಂಟು, ಕಂಬಳಿ, ಎಲ್ಲಕ್ಕೂ ಜಾಗ ಇರುತ್ತದೆ. ಹೆಲ್ಮೆಟ್ಟನ್ನು ಇಲ್ಲಿಂದ ಹೊತ್ತುಕೊಂಡು ಹೋಗಿ ಎಂದು ನಾವು ಹೇಳುವುದಿಲ್ಲ, ಊರಿನಲ್ಲಿ ಐಎಸ್‌ಐ ಗುರುತಿನದೇ ಬೇಕು, ತಲೆಯ ಅಳತೆ ನೋಡಿಯೇ ಕೊಳ್ಳಬೇಕು. ಗಲ್ಲ ಮುಚ್ಚುವ ಪೂರ್ತಿ ಹೆಲ್ಮೆಟ್ ಎರಡು, ಒಂದು ಅವನಿಗೆ, ಒಂದು ಹಿಂದೆ ಕೂರುವ ಅಮ್ಮನಿಗೋ ತಂಗಿಗೋ. ಬೈಕಿನ ಮುಂಗಡ ಕಟ್ಟುವ ಮುಂಚೆ ಅವಕ್ಕೆ ದುಡ್ಡು ಹೋಗಲಿ, ಆ ಹೆಲ್ಮೆಟ್ ಹಾಕಿಕೊಂಡ ಫೋಟೋ ಬರಲಿ. ಆಮೇಲೆ ಬೈಕು.

ಇದನ್ನು ಹೇಳಿದರೆ ಕೆಲವು ಗೆಳೆಯರಿಗೆ ಸಿಟ್ಟು ಬರುತ್ತದೆ. "ನಾವೂ ಹಾಗೇ ಓಡಿಸಿ ಬೆಳೆದವರು, ನಮಗೇನೂ ಆಗಲಿಲ್ಲವಲ್ಲ" ಎನ್ನುತ್ತಾರೆ. ಏನೂ ಆಗದವರು ಮಾತ್ರ ಹಾಗೆ ಹೇಳಲು ಉಳಿದಿದ್ದಾರೆ ಎಂಬುದು ಒಂದು ಮಾತು. ಇನ್ನೊಂದು, ಆಗಿನ ಗಾಡಿಯೂ ಬೇರೆ, ರಸ್ತೆಯೂ ಬೇರೆ. ಗುಂಡಿ ತುಂಬಿದ ಒಂಟಿ ರಸ್ತೆಯಲ್ಲಿ ನೂರು ಸಿಸಿ ಬೈಕು ಐವತ್ತರ ಮೇಲೆ ಹೋಗುವುದಕ್ಕೇ ಹೆದರುತ್ತಿತ್ತು. ಈಗ ಕರಾವಳಿಯ ಉದ್ದಕ್ಕೂ ನಾಲ್ಕು ಲೇನಿನ ಹೆದ್ದಾರಿ 66 ಇದೆ, ಮನೆಯಿಂದ ಹೆದ್ದಾರಿಗೆ ಇಳಿಯುವ ದಾರಿಯಲ್ಲಿ ಎದುರು ದಿಕ್ಕಿನಿಂದ ಬರುವ ಸ್ಕೂಟರ್ ಇದೆ, ದನ ಇದೆ, ಕೈಯಲ್ಲಿ ನೂರಿಪ್ಪತ್ತು ಮುಟ್ಟುವ ಬೈಕು ಇದೆ.

ಇನ್ನೊಂದು ವಿಷಯವನ್ನು ಗಲ್ಫಿನವರು ವಿಶೇಷವಾಗಿ ತಿಳಿಯಬೇಕು, ಏಕೆಂದರೆ ಇದು ನಮ್ಮಂಥವರಿಗೇ ಹೆಚ್ಚು ತಟ್ಟುತ್ತದೆ. ಬೈಕ್ ನಮ್ಮ ಹೆಸರಿನಲ್ಲಿರುತ್ತದೆ. ಸಾಲಕ್ಕೆ ನಮ್ಮ ಎನ್ಆರ್‌ಐ ಖಾತೆ, ಆರ್.ಸಿ.ಯಲ್ಲಿ ನಮ್ಮ ಹೆಸರು, ಓಡಿಸುವವನು ತಮ್ಮ. ಹೊಸ ದ್ವಿಚಕ್ರ ವಾಹನಕ್ಕೆ 2018ರ ಸೆಪ್ಟೆಂಬರ್‌ನಿಂದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. "ಐದು ವರ್ಷದ ಇನ್ಶೂರೆನ್ಸ್ ಇದೆ" ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಅದು ಎದುರಿನವನಿಗೆ ಆಗುವ ನಷ್ಟಕ್ಕೆ. ನಮ್ಮ ಗಾಡಿಯ ನಷ್ಟದ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು, ಎರಡನೇ ವರ್ಷ ಯಾರಿಗೂ ನೆನಪಿರುವುದಿಲ್ಲ. ಓಡಿಸುವವನ ಜೀವಕ್ಕೆ ಇರುವುದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ. ಅದು ಯಾರಿಗೆ? ಗಾಡಿಯ ಮಾಲೀಕನೇ, ಲೈಸೆನ್ಸ್ ಇಟ್ಟುಕೊಂಡು, ತಾನೇ ಓಡಿಸುತ್ತಿದ್ದರೆ. ಮಾಲೀಕ ದೋಹಾದಲ್ಲಿ ಮಲಗಿದ್ದಾನೆ. ತಮ್ಮ ಭಟ್ಕಳದ ಹತ್ತಿರ ತಾನಾಗಿಯೇ ಜಾರಿ ಬಿದ್ದರೆ ಆ ಹದಿನೈದು ಲಕ್ಷ ಅವನಿಗಲ್ಲ.

ಇದು ಊಹೆಯಲ್ಲ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ, ಬೇರೆಯವರ ಬೈಕನ್ನು ಕೇಳಿ ಪಡೆದು ಊರಿಗೆ ಹೊರಟವರೊಬ್ಬರು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಾಗ ಅದಕ್ಕೆ ಬಡಿದು ತೀರಿಕೊಂಡರು. ಮನೆಯವರ ಪರಿಹಾರದ ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 2009ರಲ್ಲಿ ಕೋರ್ಟು, ಬೈಕನ್ನು ಎರವಲು ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ಮಾಲೀಕನ ವಿಮೆಯಿಂದ 163-ಎ ಕಲಮಿನಡಿ ಪರಿಹಾರ ಕೇಳುವಂತಿಲ್ಲ ಎಂದು ಹೇಳಿತು. ಬೇರೆ ಕಲಮಿನಡಿ ಪರಿಶೀಲಿಸಲು ಹೈಕೋರ್ಟಿಗೆ ಕಳಿಸಿತು, ಅದು ಬೇರೆ. ಕಷ್ಟಪಟ್ಟು ದುಡಿಯುವ ಮನೆಯೊಂದು ಅಷ್ಟು ವರ್ಷ ಕೋರ್ಟು ಅಲೆಯುವುದು ಎಂದರೇನು ಎಂದು ನಮಗೆ ಯಾರೂ ವಿವರಿಸಬೇಕಿಲ್ಲ. ಹಾಗಾಗಿ ಓಡಿಸುವವನ ಹೆಸರಿನಲ್ಲೇ ಆರ್.ಸಿ. ಆಗಲಿ. ಸಾಲಕ್ಕಾಗಿ ನಮ್ಮ ಹೆಸರೇ ಬೇಕಾದರೆ ತಮ್ಮನ ಹೆಸರಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ. ಅದರ ವರ್ಷದ ಕಂತು ಇಲ್ಲಿ ನಾವು ಒಂದು ಶುಕ್ರವಾರ ಹೋಟೆಲಿನಲ್ಲಿ ಕೊಡುವ ಬಿಲ್ಲಿಗಿಂತ ತೀರಾ ಹೆಚ್ಚೇನೂ ಇರುವುದಿಲ್ಲ.

ಹದಿನೆಂಟು ತುಂಬದವನ ಕೈಗೆ ಕೊಡುವ ಮಾತಂತೂ ಬೇಡವೇ ಬೇಡ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 199-ಎ ಕಲಮಿನಲ್ಲಿ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಮಾಲೀಕ ಎಂದರೆ ಆರ್.ಸಿ.ಯಲ್ಲಿ ಹೆಸರಿರುವ ನಾವು. ಕೆಲಸ ಬದಲಿಸುವಾಗ ಪೊಲೀಸ್ ಕ್ಲಿಯರೆನ್ಸ್ ಬೇಕಾದರೆ ಊರಿನ ಬಾಕಿ ಕೇಸು ಹೇಗೆ ಕಾಲಿಗೆ ತೊಡರುತ್ತದೆ ಎಂದು ಗಲ್ಫಿನಲ್ಲಿ ಇರುವವರಿಗೆ ಗೊತ್ತು.

ಇಷ್ಟು ಹೇಳಿದ ಮಾತ್ರಕ್ಕೆ ತಮ್ಮನಿಗೆ ಬೈಕ್ ಬೇಡ ಎಂದು ನಮ್ಮ ವಾದವಲ್ಲ. ಬೈಕು ಕೊಡುವ ಸುಖ ಏನೆಂದು ಬಲ್ಲವರೇ ನಾವು. ಮಳೆ ನಿಂತ ಮೇಲೆ ಚಾರ್ಮಾಡಿ ಹತ್ತುವುದು, ಶಿರಾಡಿಯ ತಿರುವಿನಲ್ಲಿ ಗೇರ್ ಇಳಿಸಿದಾಗ ಎಂಜಿನ್ ಕೊಡುವ ಆ ದನಿ, ಬೆಳಗಿನ ಮಂಜಿನಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಬಿಸಿ ಚಹಾ ಕುಡಿಯುವಾಗ ಸೈಲೆನ್ಸರ್ ಟಿಕ್ ಟಿಕ್ ಎಂದು ತಣಿಯುವುದು. ದೋಹಾದ ಕೋಣೆಯಲ್ಲಿ ಎಸಿ ಸದ್ದಿನ ಕೆಳಗೆ ಮಲಗಿ ನಾವು ನೆನೆಯುವುದು ಅದನ್ನೇ. ತಮ್ಮನಿಗೆ ಆ ಸುಖ ಸಿಗಲಿ, ಆದರೆ ಬೈಕಿನ ಜೊತೆ ಬೈಕಿನ ವಿದ್ಯೆಯೂ ಸಿಗಲಿ. ಸೈಲೆನ್ಸರ್ ಕತ್ತರಿಸಿ ಊರು ಎಬ್ಬಿಸುವುದನ್ನೇ ಬೈಕ್ ಪ್ರೀತಿ ಎಂದು ಅವನು ತಿಳಿದಿದ್ದರೆ, ಆ ಸೈಲೆನ್ಸರುಗಳನ್ನು ಪೊಲೀಸರು ನಮ್ಮ ಹಲವು ಊರುಗಳಲ್ಲಿ ರೋಡ್ ರೋಲರ್ ಕೆಳಗೆ ಹಾಕಿದ ಚಿತ್ರಗಳನ್ನು ಒಮ್ಮೆ ತೋರಿಸಿ.

ಹೀರೋ ಬೇಕಾದರೆ ನಮ್ಮಲ್ಲೇ ಇದ್ದಾರೆ. ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ 36ನೆಯವರಾಗಿ. ಬಿಗ್ ಬಾಸಿನಿಂದ ಮನೆಮನೆಗೆ ಗೊತ್ತಾದ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿಯನ್ನು 37ನೆಯವರಾಗಿ ಮುಗಿಸಿದವರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್ಐಎಂ ಬಾಹಾ ವಿಶ್ವಕಪ್ಪಿನ ಮಹಿಳೆಯರ ವಿಭಾಗ ಗೆದ್ದರು. ಅದರ ಮೊದಲ ಸುತ್ತು ನಡೆದದ್ದು ನಮ್ಮ ಪಕ್ಕದ ದುಬೈ ಮರಳಿನಲ್ಲಿ, ಅದನ್ನೂ ಅವರೇ ಗೆದ್ದರು. ಸಂತೋಷ್ 2021ರ ಜನವರಿಯಲ್ಲಿ ಸೌದಿಯ ಡಕಾರ್‌ನಲ್ಲಿ ಬಿದ್ದು, ರಿಯಾದ್ ಆಸ್ಪತ್ರೆಯಲ್ಲಿ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಇದ್ದು, ಚೇತರಿಸಿಕೊಂಡು ಊರಿಗೆ ಮರಳಿದರು. ಆ ವರ್ಷದ ಡಕಾರ್‌ನಲ್ಲಿ ಬೈಕ್ ಸವಾರರಿಗೆ ಹೆಲ್ಮೆಟ್ಟಿನ ಜೊತೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯವಾಗಿತ್ತು. ಜಗತ್ತಿನ ಅತಿ ನಿಪುಣ ಸವಾರರಿಗೇ ಇಷ್ಟು ಕವಚ ಬೇಕಾದರೆ ಹವಾಯಿ ಚಪ್ಪಲಿಯಲ್ಲಿ ಓಡಿಸುವ ನಮ್ಮ ಹುಡುಗರಿಗೆ ಕನಿಷ್ಠ ಒಂದು ಜೊತೆ ಶೂ ಬೇಡವೇ?

ಇನ್ನು ಟಾರ್ಪಾಲಿನಡಿಯ ನಮ್ಮದೇ ಬೈಕಿನ ವಿಷಯ. "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ" ಎಂದು ಹೇಳುವುದು ವಾಡಿಕೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಉಪಕಾರಕ್ಕಿಂತ ಅಪಕಾರ ಹೆಚ್ಚು. ಬ್ಯಾಟರಿ ಖರ್ಚಾಗುತ್ತದೆ, ತುಂಬುವುದಿಲ್ಲ. ಸೈಲೆನ್ಸರಿನೊಳಗೆ ನೀರು ಕಟ್ಟಿ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಭಾವನೋ ಚಿಕ್ಕಪ್ಪನ ಮಗನೋ ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬರಲಿ. ಅದು ಸಾಧ್ಯವಿಲ್ಲದಿದ್ದರೆ ಮುಟ್ಟುವುದೇ ಬೇಡ, ರಜೆ ಮುಗಿಸಿ ಹೊರಡುವ ಮುನ್ನ ನಾವೇ ಸರಿಯಾಗಿ ಮಲಗಿಸಿ ಬರಬೇಕು. ಕಬ್ಬಿಣದ ಟ್ಯಾಂಕಾದರೆ ಪೂರ್ತಿ ತುಂಬಿಸಿ, ಖಾಲಿ ಜಾಗ ಇದ್ದಷ್ಟೂ ಕರಾವಳಿಯ ತೇವ ಒಳಗೆ ಕೂತು ತುಕ್ಕು ಏಳುತ್ತದೆ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು, ಅದು ನೀರು ಹೀರುತ್ತದೆ, ಆದ್ದರಿಂದ ಕಾರ್ಬ್ಯುರೇಟರಿನ ಹಳೆಯ ಗಾಡಿಯಲ್ಲಿ ಬೌಲಿನ ಪೆಟ್ರೋಲು ಇಳಿಸಿ ಒಣಗಿಸಬೇಕು. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಡಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ ಒಂದು ಕೆಂಪು ದಾರ ಹೊರಗೆ ಬಿಡಿ, ಇಲ್ಲದಿದ್ದರೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ದಾರ ಏಕೆಂದರೆ ಬಟ್ಟೆ ತೆಗೆಯುವುದನ್ನು ಮರೆತು ಕಿಕ್ ಹೊಡೆಯುವವರೂ ಇದ್ದಾರೆ. ಪ್ಲಾಸ್ಟಿಕ್ ಟಾರ್ಪಾಲಿಗಿಂತ ಹಳೆಯ ಹತ್ತಿ ಬೆಡ್‌ಶೀಟ್ ಒಳ್ಳೆಯದು, ಒಳಗೆ ಬೆವರುವುದಿಲ್ಲ. ಹದಿನೈದು ವರ್ಷ ತುಂಬುವ ಗಾಡಿಯಾದರೆ ಆರ್.ಸಿ. ನವೀಕರಣದ ತಾರೀಖನ್ನು ಟಿಕೆಟ್ ಬುಕ್ ಮಾಡುವ ಮೊದಲು ನೋಡಿಕೊಳ್ಳಿ, ರಜೆಯ ಮೂವತ್ತು ದಿನದಲ್ಲಿ ಆರ್‌ಟಿಒಗೆ ಹೋಗುವ ದಿನಗಳನ್ನೂ ಸೇರಿಸಿ.

ಇನ್ನೊಂದು ದಾರಿಯೂ ಇದೆ, ಹೇಳಲು ಕಷ್ಟ. ಎರಡು ವರ್ಷಕ್ಕೊಮ್ಮೆ ಹೋಗುವವರು, ಮನೆಯಲ್ಲಿ ಓಡಿಸುವವರು ಯಾರೂ ಇಲ್ಲದಿದ್ದರೆ, ಆ ಬೈಕನ್ನು ಮಾರಿಬಿಡುವುದೇ ಗಾಡಿಗೆ ಮಾಡುವ ನ್ಯಾಯ. ಮಾರುವಾಗ ಆರ್.ಸಿ. ವರ್ಗಾವಣೆ ಆಗಿದೆಯೇ ಎಂದು ಪರಿವಾಹನ್ ವೆಬ್‌ಸೈಟಿನಲ್ಲಿ ನಾವೇ ನೋಡಬೇಕು. "ಮಾಡಿಸ್ತೇನೆ ಅಣ್ಣ" ಎಂದು ಕೊಂಡವನು ಹೇಳಿದ್ದನ್ನು ನಂಬಿ ವಿಮಾನ ಹತ್ತಬಾರದು. ವರ್ಗಾವಣೆ ಆಗುವವರೆಗೆ ಆ ಗಾಡಿ ಏನೇ ಮಾಡಿದರೂ ನೋಟಿಸು ನಮ್ಮ ಅಮ್ಮನ ಕೈಗೆ ಬರುತ್ತದೆ.

ನಮ್ಮ ಸಂಘಕ್ಕೆ ಒಂದು ಕೇಳಿಕೆ. ಕ್ರಿಕೆಟ್ ಇದೆ, ಥ್ರೋಬಾಲ್ ಇದೆ, ರಂಗೋಲಿ ಸ್ಪರ್ಧೆ ಇದೆ, ಎಲ್ಲ ಇರಲಿ. ನವೆಂಬರ್‌ನಿಂದ ಮಾರ್ಚ್ ನಡುವೆ ಒಂದೇ ಒಂದು ಬೆಳಿಗ್ಗೆ ಬೈಕಿಗಾಗಿ ಇಡೋಣ. ದೊಡ್ಡ ಬೈಕಿನ ಗೆಳೆಯರು ಬರಲಿ, ಬೈಕೇ ಇಲ್ಲದವರೂ ಬರಲಿ, ಆದರೆ ಅಂದು ಕಲಿಸುವವರು ಡೆಲಿವರಿ ಮಾಡುವ ನಮ್ಮ ಕನ್ನಡದ ಹುಡುಗರಾಗಲಿ. ಚೈನ್ ಬಿಗಿ ಮಾಡುವುದು, ಬ್ರೇಕ್ ಪ್ಯಾಡ್ ಸವೆತ ನೋಡುವುದು, ಬಿಸಿಲಿನಲ್ಲಿ ನೀರು ಎಷ್ಟು ಹೊತ್ತಿಗೆ ಕುಡಿಯಬೇಕು, ರೌಂಡ್ ಅಬೌಟಿನಲ್ಲಿ ಎಲ್ಲಿ ನಿಂತರೆ ಕಾರಿನವನಿಗೆ ಕಾಣುತ್ತೇವೆ, ಇದನ್ನೆಲ್ಲ ಅವರ ಬಾಯಿಂದ ಕೇಳೋಣ. ಅದನ್ನು ಮೊಬೈಲಿನಲ್ಲಿ ಹಿಡಿದು ಊರಿನ ತಮ್ಮನಿಗೆ ಕಳಿಸೋಣ. ವಿಮೆಯ ಕಾಗದ ಓದಿ ಹೇಳಬಲ್ಲ ಸದಸ್ಯರೊಬ್ಬರು ಒಂದು ಮೇಜು ಹಾಕಿ ಕೂತರೆ ಇನ್ನೂ ಒಳ್ಳೆಯದು, ಎಲ್ಲರೂ ಮನೆಯ ಬೈಕಿನ ಆರ್.ಸಿ. ಮತ್ತು ಪಾಲಿಸಿಯ ಫೋಟೋ ತರಿಸಿಟ್ಟುಕೊಂಡು ಬರಲಿ.

ಜಾಗ ಇಂಡಸ್ಟ್ರಿಯಲ್ ಏರಿಯಾದ ಕಡೆಯಲ್ಲೇ ಆದರೆ ಅವರಿಗೆ ಹತ್ತಿರ. ಹೊತ್ತು ಬೆಳಿಗ್ಗೆ ಏಳಕ್ಕೆ ಇಡಬೇಕು. ಹನ್ನೊಂದಕ್ಕೆ ಅವರ ಆರ್ಡರುಗಳು ಶುರುವಾಗುತ್ತವೆ.